ಮಡಿಲಕ್ಕಿ ಕಟ್ಟಿದವಳ ಹೆಸರು

ಅಟ್ಟದಿಂದ ಇಳಿಸಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಿದ್ದಾಗ ಕಿಟಕಿಯ ಕಟ್ಟೆಯ ಮೇಲಿದ್ದ ಫೋನು ಗುಂಯ್ ಎಂದಿತು. ಭವ್ಯಶ್ರೀ ಕಾಯಿಯನ್ನು ಕೆಳಗಿಡಲಿಲ್ಲ. ಒಳಗೆ ಕೊಬ್ಬರಿ ಕರಟ ಬಿಟ್ಟು ಉಂಡೆಯಾಗಿದ್ದರೆ ಗಡಗಡ ಎಂದು ಉರುಳುತ್ತದೆ, ಬಿಡದಿದ್ದರೆ ಮತ್ತೆ ಅಟ್ಟಕ್ಕೆ ಹೋಗಬೇಕು. ಇದು ಉರುಳಿತು. ಎಡಗೈಯಲ್ಲಿ ಅದನ್ನು ಹಾಗೆಯೇ ಹಿಡಿದುಕೊಂಡು ಬಲಗೈಯಲ್ಲಿ ಫೋನು ನೋಡಿದಳು. ಅವಳ ಅಂಗಡಿಗೆ ಕಾರ್ಡಿನ ಹಣ ವಸೂಲಿ ಮಾಡಿಕೊಡುವ ಕಂಪನಿಯಿಂದ ಬಂದ ಸಂದೇಶ. ಹಾಸನದ ಗ್ರಾಹಕರೊಬ್ಬರು ತಮ್ಮ ಕ್ರೆಡಿಟ್ ಕಾರ್ಡಿನ ಬಿಲ್ಲಿನಲ್ಲಿ ಕಂಡ ಪಾವತಿಯನ್ನು ಒಪ್ಪುತ್ತಿಲ್ಲ, ಬ್ಯಾಂಕು ಹಣವನ್ನು ತಡೆಹಿಡಿದಿದೆ. ಕಾರಣ ಎಂಬಲ್ಲಿ ಒಂದೇ ಸಾಲು: ಈ ಹೆಸರಿನ ವ್ಯಾಪಾರಿಯನ್ನು ನಾನು ಅರಿಯೆ. ಹೆಸರು ಯಾವುದೆಂದು ಕೆಳಗೆ ಕೊಟ್ಟಿದ್ದರು. ದಿಲೀಪ್ ಟ್ರೇಡರ್ಸ್. ಅವಳಿಗೆ ಏನೂ ಅನ್ನಿಸಲಿಲ್ಲ. ಏನೂ ಅನ್ನಿಸುತ್ತಿಲ್ಲ ಎಂಬುದನ್ನು ದೂರದಿಂದ ಯಾರನ್ನೋ ನೋಡುವಂತೆ ನೋಡಿದಳು, ಈಗೀಗ ಅವಳಿಗೆ ಅದು ಅಭ್ಯಾಸವಾಗಿತ್ತು. ಗಂಡ ದಿಲೀಪನನ್ನು ಕೊನೆಯ ಸಲ ಅಂಗಳದಲ್ಲಿ ಮಲಗಿಸಿದ್ದಾಗಲೂ ಅವಳು ನೋಡುತ್ತಿದ್ದದ್ದು ಶಾಮಿಯಾನದವರು ತಂದ ಕುರ್ಚಿಗಳಲ್ಲೊಂದರ ಕೈ ಮುರಿದಿರುವುದನ್ನು, ಅದರಲ್ಲಿ ಕೂತವರೆಲ್ಲ ಮೊಳಕೈ ಊರಲು ಹೋಗಿ ಜಾರುವುದನ್ನು. ಎಲ್ಲರೂ ಅವಳು ಅಳಲಿ ಎಂದು ಕಾಯುತ್ತಿದ್ದರು. ಅವಳು ಆ ಕುರ್ಚಿಯನ್ನು ಯಾರಾದರೂ ಎತ್ತಿಡಲಿ ಎಂದು ಕಾಯುತ್ತಿದ್ದಳು.

ನುಗ್ಗೇಹಳ್ಳಿಯ ಆ ಮನೆಯ ಮುಂಗೋಣೆಯೇ ಅವಳ ಅಂಗಡಿ. ರಸ್ತೆಯಿಂದ ನೋಡಿದವರಿಗೆ ಅಂಗಡಿ ಕಾಣುವುದಿಲ್ಲ, ದಿಲೀಪ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದಾಗ ಬರೆಸಿದ ಹಳದಿ ಬೋರ್ಡು ಕಾಣುತ್ತದೆ. ಅಂಗಡಿ ಇರುವುದು ಫೋನಿನೊಳಗೆ, ಅದಕ್ಕೆ ಅವಳಿಟ್ಟ ಹೆಸರು 'ಮಡಿಲು'. ಒಂದು ರವಿಕೆ ಕಣದಲ್ಲಿ ಅಕ್ಕಿ, ಅಚ್ಚು ಬೆಲ್ಲ, ಉಂಡೆ ಕೊಬ್ಬರಿ, ಅರಿಶಿನದ ಕೊಂಬು, ಬಟ್ಟಲಡಿಕೆ, ಕುಂಕುಮ, ಹಸಿರು ಬಳೆ ಇಟ್ಟು, ಮದುವೆಗೋ ಸೀಮಂತಕ್ಕೋ ಬೇಕಾದವರಿಗೆ ಗಂಟು ಕಟ್ಟಿ ಕೊರಿಯರಿನಲ್ಲಿ ಕಳಿಸುವುದು. ಎಲೆ ಮಾತ್ರ ನೀವೇ ಇಟ್ಟುಕೊಳ್ಳಿ, ದಾರಿಯಲ್ಲಿ ಬಾಡುತ್ತದೆ ಎಂದು ಅಲ್ಲಿಯೇ ಬರೆದಿದ್ದಳು. ಹಾಸನದ ಹೇಮಗಂಗೋತ್ರಿಯಲ್ಲಿ ಎರಡು ವರ್ಷ ಅರ್ಥಶಾಸ್ತ್ರ ಓದಿದ್ದವಳು ಆಮೇಲೆ ಬರೆದ ಕೆಲವೇ ಸಾಲುಗಳಲ್ಲಿ ಅದೂ ಒಂದು. ಮೊದಮೊದಲು ಫೋನಿಂದ ಫೋನಿಗೆ ದುಡ್ಡು ಹಾಕಿಸಿಕೊಳ್ಳುವುದೇ ಸಾಕಾಗಿತ್ತು. ಆಮೇಲೆ ಮಸ್ಕತ್ತಿನಿಂದ, ಪುಣೆಯಿಂದ ಕೇಳತೊಡಗಿದರು, ಕಾರ್ಡ್ ತಗೊಳ್ತೀರಾ? ಅವಳು ಪ್ಯಾನ್ ಕಾರ್ಡು, ಪಾಸ್‌ಬುಕ್ಕು, ಬೋರ್ಡಿನ ಫೋಟೋ ಎಲ್ಲ ಕಳಿಸಿದಳು. ಕಂಪನಿಯ ಅರ್ಜಿಯಲ್ಲಿ ಕೊನೆಯ ಪ್ರಶ್ನೆ, ಕೊಂಡವರ ಬಿಲ್ಲಿನ ಮೇಲೆ ಯಾವ ಹೆಸರು ಕಾಣಬೇಕು ಎಂದಿತ್ತು. ಆ ಚೌಕದಲ್ಲಿ ಗೆರೆಯೊಂದು ಮಿಟುಕುತ್ತ ಕಾಯುತ್ತಿತ್ತು. ಅವಳು ಕಿಟಕಿಯಿಂದ ಬಗ್ಗಿ ಬೋರ್ಡನ್ನು ನೋಡಿ ಅಲ್ಲಿದ್ದದ್ದನ್ನೇ ಬರೆದಳು. ತನ್ನ ಹೆಸರು ನೆನಪಾಗಲೇ ಇಲ್ಲ ಎಂದರೆ ಸುಳ್ಳು. ನೆನಪಾಯಿತು, ಆದರೆ ಪಂಕ್ತಿಯಲ್ಲಿ ಗಂಡಸರು ಏಳುವ ಮೊದಲೇ ಎಲೆ ಹಾಕಿಕೊಂಡು ಕೂತಂತೆ ಅನ್ನಿಸಿತು.

ಕಾರ್ಡಿನ ಮೊದಲ ದುಡ್ಡು ಬಂದ ದಿನ ಅತ್ತೆ ಬೆಟ್ಟಮ್ಮ ಬಾಗಿಲಲ್ಲಿ ನಿಂತು ಕೇಳಿದ್ದರು. "ಅದೇನೆ ಅದು ಕಾರ್ಡು?"

"ಕ್ರೆಡಿಟ್ ಕಾರ್ಡು ಅತ್ತೆ. ಈಗ ಬ್ಯಾಂಕಿನವರು ನಮಗೆ ಕೊಟ್ಬಿಡ್ತಾರೆ. ತಗೊಂಡೋರು ಆಮೇಲೆ ಬ್ಯಾಂಕಿಗೆ ಕಟ್ಕೋತಾರೆ."

"ಅಂಗಾರೆ ಸಾಲ ಅನ್ನು. ಅಲ್ಲ ಕಣೆ, ಕಡ ತಂದಿದ್ ಅಕ್ಕೀನ ಯಾರಾರ ಮಡ್ಲಿಗೆ ಆಕ್ತಾರ? ಉಟ್ಟೋ ಮಗ ಬಡ್ಡಿ ಕಟ್ಕಂಡೇ ಉಟ್ಬೇಕಾತದೆ."

ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದ ಮಾವ ತಿಮ್ಮಪ್ಪ ಅಲ್ಲಿಂದಲೇ ಅಂದರು. "ನಿಮ್ಮಪ್ಪ ನಿನ್ ಮದ್ವೆಗೆ ಸೊಸೈಟೀಲಿ ಸಾಲ ಎತ್ತಿದ್ದ ಕಣಮ್ಮಿ. ನಿನ್ ಮಡ್ಲಕ್ಕೀನೂ ಅದ್ರಾಗೇ ಬಂದಿದ್ದು."

"ನಿಮ್ಗೇನ್ ಗೊತ್ತು, ಸುಮ್ಕಿರಿ," ಎಂದು ಬೆಟ್ಟಮ್ಮ ಒಳಕ್ಕೆ ಹೋಗಿದ್ದರು. ಆದರೆ ಸಂಜೆ ಗಂಟುಗಳನ್ನು ಕೊರಿಯರಿಗೆ ಕೊಡುವ ಮೊದಲು ಎಂದಿನಂತೆ ಬಂದು ಒಂದೊಂದಕ್ಕೂ ಕೈ ಮುಟ್ಟಿಸಿದರು. ಅದು ಮೊದಲಿನಿಂದಲೂ ನಡೆದುಬಂದಿತ್ತು. ಯಾರೂ ಅದನ್ನು ಮಾತಾಡಿ ಗೊತ್ತುಮಾಡಿರಲಿಲ್ಲ. ಭವ್ಯಶ್ರೀ ಅಳೆಯುವಳು, ಜೋಡಿಸುವಳು, ಗಂಟು ಹಾಕುವಳು. ಬೆಟ್ಟಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಬಳೆ ತೊಟ್ಟ ಬಲಗೈಯನ್ನು ಒಂದು ಕ್ಷಣ ಗಂಟಿನ ಮೇಲಿಟ್ಟು ತೆಗೆಯುವರು. ಮೊದಲ ಸಲ ಹಾಗೆ ಮಾಡಿದಾಗ ಭವ್ಯಶ್ರೀ ತಲೆ ಎತ್ತಿರಲಿಲ್ಲ. ಅತ್ತೆಯೂ ಅವಳ ಮುಖ ನೋಡಿರಲಿಲ್ಲ. ಆ ಕೈಯ ಕೆಳಗೆ ತನ್ನ ಕೈ ಕಟ್ಟಿದ್ದೆಲ್ಲ ತೊಳೆದುಹೋಗುತ್ತಿದೆ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ಒಮ್ಮೊಮ್ಮೆ ಅತ್ತೆ ತನ್ನನ್ನು ಮಳೆಯಲ್ಲಿ ಕೊಡೆ ಹಿಡಿದು ದಾಟಿಸುತ್ತಿದ್ದಾರೆ ಎಂದೂ.

ಫೋನಿನಲ್ಲಿ ಆ ಆರ್ಡರನ್ನು ತೆರೆದಳು. ನೀಲಾಂಬಿಕೆ ಎಂಬುವರು ಕೇಳಿದ್ದು, ಹಾಸನದ ವಿಳಾಸ. ಷರಾ ಎಂಬಲ್ಲಿ, ಕೊಬ್ಬರಿ ದೊಡ್ಡದು ನೋಡಿ ಹಾಕಿ ಪ್ಲೀಸ್, ಎಂದಿತ್ತು. ಅವಳಿಗೆ ಆ ಗಂಟು ನೆನಪಿತ್ತು. ದೊಡ್ಡದನ್ನು ಹುಡುಕಲು ಅಟ್ಟಕ್ಕೆ ಎರಡು ಸಲ ಹತ್ತಿದ್ದಳು. ಅತ್ತೆ ಆಗ ತಂಗಿಯ ಮನೆಗೆಂದು ದಂಡಿಗನಹಳ್ಳಿಗೆ ಹೋಗಿದ್ದವರು ಇನ್ನೂ ಬಂದಿರಲಿಲ್ಲ. ಕೊರಿಯರಿನವನು ಹಾರನ್ ಮಾಡುತ್ತಿದ್ದ. ಅತ್ತೆಯ ಕೈ ಮುಟ್ಟದೆ ಹೋದ ಗಂಟು ಅದೊಂದೇ. ಅವತ್ತು ಗಾಡಿ ತಿರುಗಿ ಮರೆಯಾಗುವವರೆಗೂ ಎದೆ ಹೊಡೆದುಕೊಳ್ಳುತ್ತಿತ್ತು, ಅದು ಭಯವೋ ಸಂತೋಷವೋ ಎಂದು ಅವಳು ವಿಚಾರಿಸಲು ಹೋಗಿರಲಿಲ್ಲ. ಈಗ ಕಂಪನಿಗೆ ಫೋನು ಮಾಡಿದಳು. ಕನ್ನಡ ಬರುವ ಹುಡುಗಿ ಸಿಕ್ಕಳು, ಮಾತಿನಲ್ಲಿ ಹುಬ್ಬಳ್ಳಿ ಕಡೆಯ ಎಳೆತ. "ಮೇಡಂ, ಇದು ಭಾಳ ಕಾಮನ್ ರೀ. ನಿಮ್ಮ ಸೈಟಿನ ಹೆಸರು ಒಂದು, ಬಿಲ್ಲಿನ್ಯಾಗಿನ ಹೆಸರು ಇನ್ನೊಂದು. ನೋಡಿದವ್ರು ಗಾಬರಿ ಆಗ್ತಾರ. ಕೊರಿಯರ್ ರಸೀದಿ ಹಾಕ್ರಿ, ನೀವ ಗೆಲ್ತೀರಿ. ಇಲ್ಲಾ, ಅವ್ರಿಗೇ ಹೇಳಿ ಕಂಪ್ಲೇಂಟ್ ವಾಪಸ್ ತಗಸ್ರಿ, ಅದು ಎಲ್ಲಾದಕ್ಕಿಂತ ಚಲೋ. ನಿಮ್ದು ಹೊಸಾ ಅಂಗಡಿ ಅದ, ಇಂಥವು ನಿಮ್ಮ ಮ್ಯಾಲೆ ನಿಂತ್ರ ಕಾರ್ಡ್ ಬಂದ್ ಮಾಡಿಬಿಡ್ತಾರ." ಹುಡುಗಿ ದೂರಿಗೆ ಇರಬಹುದಾದ ಬೇರೆ ಕಾರಣಗಳನ್ನೂ ಓದಿ ಹೇಳಿದಳು, ಮುಂದೆ ಎಚ್ಚರ ಇರಲಿ ಎಂದು. ಸಾಮಾನು ತಲುಪಿಲ್ಲ. ಒಡೆದುಬಂದಿದೆ. ಹೇಳಿದ್ದೇ ಒಂದು, ಕಳಿಸಿದ್ದೇ ಒಂದು. ಎರಡು ಸಲ ಹಣ ಕಡಿತವಾಗಿದೆ. ಅಷ್ಟೇನಾ, ಎಂದು ಕೇಳಿದಳು ಭವ್ಯಶ್ರೀ. "ಅಷ್ಟ ರೀ ಮೇಡಂ, ಇನ್ನೇನ ಇರ್ತದ?" ಅವಳು ಫೋನಿಟ್ಟಳು. ಊರೂರಿನ ಬ್ಯಾಂಕುಗಳು ಸೇರಿ ಒಬ್ಬ ವ್ಯಾಪಾರಿಯ ಮೇಲೆ ಹೊರಿಸಬಹುದಾದ ತಪ್ಪುಗಳನ್ನೆಲ್ಲ ಯೋಚಿಸಿ ಬರೆದಿದ್ದರು, ಅದರಲ್ಲಿ ಅವಳದು ಇರಲಿಲ್ಲ.

ಹಿಂದೊಮ್ಮೆ ಹರದನಹಳ್ಳಿಯಲ್ಲಿ, ದಿಲೀಪನ ಚಿಕ್ಕಪ್ಪನ ಮನೆಯ ಸೀಮಂತದಲ್ಲಿ, ಆ ತಪ್ಪು ಇತ್ತು. ರಂಜಿತಾ ಕುಂಕುಮದ ತಟ್ಟೆ ಹಿಡಿದು ಸಾಲಾಗಿ ಬರುತ್ತಿದ್ದಳು. ರಂಜಿತಾ ಅವಳ ವಾರಗೆಯವಳು, ಓರಗಿತ್ತಿ, ಒಂದೇ ತಟ್ಟೆಯಲ್ಲಿ ಉಂಡವಳು. ಭವ್ಯಶ್ರೀಯ ಮುಂದೆ ಬಂದಾಗ ತಟ್ಟೆ ನಿಲ್ಲಲಿಲ್ಲ, ಹಳ್ಳದ ಮೇಲೆ ಹಾರುವಂತೆ ಹಾರಿ ಪಕ್ಕದವಳ ಮುಂದೆ ಇಳಿಯಿತು. ಭವ್ಯಶ್ರೀಯ ಕೈ ಆಗಲೇ ಹಣೆಯ ಕಡೆ ಅರ್ಧ ಎದ್ದಿತ್ತು, ಅದನ್ನು ಎಲ್ಲಿಗೆ ಒಯ್ಯಬೇಕೆಂದು ತಿಳಿಯದೆ ಕೂದಲು ಸರಿಮಾಡಿಕೊಂಡಳು. ಅಷ್ಟರಲ್ಲಿ ಸರಸಮ್ಮ ಎಂಬ ಹಿರಿಯಾಕೆ ಬಸುರಿಯ ಮಡಿಲಿನಲ್ಲಿದ್ದ ಗಂಟನ್ನು ಮುಟ್ಟಿ ನೋಡಿ ಜೋರಾಗಿ ಅಂದರು. "ಎಷ್ಟ್ ಲಕ್ಷಣವಾಗ್ ಕಟ್ಟವ್ರೆ ನೋಡ್ರೇ. ಕೊಬ್ರಿ ನೋಡು, ಬೆಣ್ಣೆ ಉಂಡೆ ಆದಂಗದೆ. ಎಲ್ ತರ್ಸಿದ್ರವ್ವ ಇದ?" ರಂಜಿತಾ ತಟ್ಟೆಯನ್ನೇ ನೋಡುತ್ತ, "ಆನ್‌ಲೈನ್‌ನಾಗೆ ದೊಡ್ಡಮ್ಮ," ಎಂದಳು. ಭವ್ಯಶ್ರೀ ಗೋಡೆಗೆ ಒರಗಿ ಕೂತಿದ್ದಳು. ಅವಮಾನವೆಂದು ಕರೆಯಬೇಕಾದದ್ದು ಎದೆಯೊಳಗೆ ಎಲ್ಲೋ ಇತ್ತು, ಅದರ ಪಕ್ಕದಲ್ಲೇ ಇನ್ನೊಂದೂ ಇತ್ತು. ಗಂಟಿನ ಎರಡು ತುದಿ ಎಲೆಯ ಹಾಗೆ ತೆರೆದುಕೊಳ್ಳುವಂತೆ ಮಡಿಸುವುದು ಅವಳ ಕೈಗೆ ಮಾತ್ರ ಬರುತ್ತಿತ್ತು. ಆ ಇಡೀ ಮನೆಯಲ್ಲಿ ಎಲ್ಲರೂ ನೋಡುತ್ತಿದ್ದದ್ದು ಅವಳನ್ನೇ, ಅವಳೆಂದು ತಿಳಿಯದೆ. ಅವತ್ತು ಊಟ ರುಚಿಸಿತ್ತು. ಹೋಳಿಗೆಯನ್ನು ಎರಡನೆಯ ಸಲ ಹಾಕಿಸಿಕೊಂಡಿದ್ದಳು. ಬಸ್ಸಿನಲ್ಲಿ ಬರುವಾಗ ಅದಕ್ಕೂ ನಾಚಿಕೆಯಾಗಿತ್ತು.

ಇಲ್ಲಿ ನುಗ್ಗೇಹಳ್ಳಿಯ ಮನೆಯ ಮುಂದೆ ಕಾರೊಂದು ಬಂದು ನಿಂತಾಗ ಮಧ್ಯಾಹ್ನದ ಬಿಸಿಲು ಜಗಲಿಯ ಅಂಚಿಗೆ ಬಂದಿತ್ತು. ಮಾವ ತೋಟಕ್ಕೆ ಹೋಗಿದ್ದರು. ಬೆಟ್ಟಮ್ಮ ಹುರಿಗಡಲೆ ಕೇರುತ್ತಿದ್ದರು. ಇಳಿದಾಕೆಗೆ ಐವತ್ತರ ಮೇಲಾಗಿರಬೇಕು, ಇಸ್ತ್ರಿ ಮಾಡಿದ ಕಾಟನ್ ಸೀರೆ, ಕೈಯಲ್ಲಿ ಭವ್ಯಶ್ರೀಗೆ ಚೆನ್ನಾಗಿ ಗುರುತಿದ್ದ ಕಂದು ರಟ್ಟಿನ ಪೆಟ್ಟಿಗೆ. ಕಾರಿನ ಹಿಂದಿನ ಸೀಟಿನಲ್ಲಿ ತುಂಬು ಬಸುರಿ ಹುಡುಗಿಯೊಬ್ಬಳು ಕಿಟಕಿ ಇಳಿಸಿಕೊಂಡು ಕೂತಿದ್ದಳು. ಬಂದಾಕೆ ಬೋರ್ಡನ್ನು ಓದಿ, ಮತ್ತೆ ಪೆಟ್ಟಿಗೆಯನ್ನು ನೋಡಿ, ಜಗಲಿ ಹತ್ತಿದರು.

"ನಾನು ಪ್ರೇಮಕುಮಾರಿ ಅಂತ, ಹಾಸನದಿಂದ ಬಂದೆ. ಇದು ನಮ್ಮ ಮಗಳು ನೀಲಾಂಬಿಕೆ ತರಿಸಿದ್ದು, ನನ್ನ ಮಗನ ಕಾರ್ಡಲ್ಲಿ. ಅವನು ಬಿಲ್ಲು ನೋಡಿ, ಯಾರಮ್ಮ ಇದು ದಿಲೀಪ್ ಟ್ರೇಡರ್ಸ್, ನಾನು ಏನೂ ತಗೊಂಡೇ ಇಲ್ಲ ಅಂತ ಬ್ಯಾಂಕಿಗೆ ಹಾಕ್ಬಿಟ್ಟಿದ್ದಾನೆ. ಆಮೇಲೆ ಇವಳು ಹೇಳಿದ್ಲು."

"ಅಯ್ಯೋ, ಅದಕ್ಯಾಕವ್ವ ಇಷ್ಟ್ ದೂರ ಬಂದ್ರಿ, ಬನ್ನಿ ಕೂತ್ಕಳಿ," ಎಂದು ಬೆಟ್ಟಮ್ಮ ಮೊರ ಸರಿಸಿದರು.

ಪ್ರೇಮಕುಮಾರಿ ಕೂರಲಿಲ್ಲ. "ಚನ್ನರಾಯಪಟ್ಟಣದ ಮಾರ್ಕೆಟ್ಟಲ್ಲಿ ನಮ್ಮ ಪರಿಚಯದೋರು ಶಾಂತರಾಜು ಅಂತ ಇದ್ದಾರೆ. ಯಾರಪ್ಪ ದಿಲೀಪ್ ಅಂತ ಅವರನ್ನ ಕೇಳಿದೆ. ದಿಲೀಪ್ ತೀರಿಕೊಂಡು ಎರಡು ವರ್ಷ ಆಯ್ತು, ಈಗ ಅವರ ಹೆಂಡತಿ ನೋಡ್ಕೋತಾರೆ ಅಂದ್ರು." ಅಲ್ಲಿಗೆ ನಿಲ್ಲಿಸಿ ಭವ್ಯಶ್ರೀಯ ಬರಿಗೈಗಳನ್ನು ನೋಡಿದರು, ನೋಡಿದ್ದಕ್ಕೆ ತಾವೇ ಮುಜುಗರಪಟ್ಟು ಬೇರೆ ಕಡೆ ತಿರುಗಿದರು. "ತಪ್ಪು ತಿಳ್ಕೋಬೇಡಮ್ಮ. ನಾನೇನು ಓದದೇ ಇರೋಳಲ್ಲ, ಟೀಚರ್ ಆಗಿದ್ದೋಳು. ಆದ್ರೆ ಇವಳಿಗೆ ಹಿಂದೆ ಎರಡು ಸಲ ನಿಲ್ಲಲಿಲ್ಲ. ಶುಕ್ರವಾರ ಸೀಮಂತ. ರಾತ್ರಿಯೆಲ್ಲ ನಿದ್ದೆ ಇಲ್ಲ ನಂಗೆ. ಒಂದೇ ಒಂದು ಮಾತು ಹೇಳಿಬಿಡಿ, ಇದನ್ನ ಕಟ್ಟಿದ್ದು ಯಾರು? ನಿಮ್ಮತ್ತೆಯವರು ಕಟ್ಟಿದ್ದು ಅಂದ್ರೆ ಇಲ್ಲಿಂದಲೇ ಮಗನಿಗೆ ಫೋನ್ ಮಾಡ್ತೀನಿ, ಕಂಪ್ಲೇಂಟು ಈಗಲೇ ತೆಗೀತಾನೆ. ಇಲ್ಲ ಅಂದ್ರೆ ಇದನ್ನ ಇಟ್ಕೊಂಡ್ಬಿಡಿ."

"ನಾನೇ ಕಟ್ಟಿದ್ದು ಕಣವ್ವ," ಎಂದರು ಬೆಟ್ಟಮ್ಮ. ಒಂದು ಉಸಿರಿನಷ್ಟೂ ತಡವಿರಲಿಲ್ಲ. "ಇನ್ಯಾರ್ ಕಟ್ತಾರೆ? ಈ ಮಗ ಫೋನ್ ಒತ್ತತದೆ, ಲೆಕ್ಕ ಬರೀತದೆ. ಮಡ್ಲಕ್ಕಿ ಗಂಟು ನಂದೇಯ." ಎಂದು ಹಸಿರು ಬಳೆಯ ಕೈಯನ್ನು ಮುಂದೆ ಚಾಚಿದರು, ಸಾಕ್ಷಿಯ ಹಾಗೆ.

ಪ್ರೇಮಕುಮಾರಿಯ ಭುಜ ಇಳಿಯಿತು. ಕೈ ಆಗಲೇ ಪರ್ಸಿನೊಳಗೆ ಫೋನು ಹುಡುಕುತ್ತಿತ್ತು. ಭವ್ಯಶ್ರೀ ಅದನ್ನೆಲ್ಲ ನೋಡುತ್ತಿದ್ದಳು, ಅದೇ ದೂರದಿಂದ. ಸುಮ್ಮನಿದ್ದರೆ ಸಾಕಾಗಿತ್ತು. ಅವಳು ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. ದೂರು ಹೋಗುತ್ತದೆ, ಕಾರ್ಡು ಉಳಿಯುತ್ತದೆ, ಮಸ್ಕತ್ತು ಉಳಿಯುತ್ತದೆ, ಈ ತಾಯಿ ಇವತ್ತು ರಾತ್ರಿ ಮಲಗುತ್ತಾಳೆ. ಯಾರಿಗೆ ನಷ್ಟ? ಪೆಟ್ಟಿಗೆಯ ಮುಚ್ಚಳ ಸ್ವಲ್ಪ ತೆರೆದಿತ್ತು, ಒಳಗೆ ಗಂಟಿನ ತುದಿಗಳು ಕಾಣುತ್ತಿದ್ದವು, ಎಲೆಯ ಹಾಗೆ ತೆರೆದುಕೊಂಡ ಎರಡು ತುದಿಗಳು. ಅಲ್ಲ, ಒಂದು ತುದಿ ಮಾತ್ರ ಎಲೆಯ ಹಾಗಿತ್ತು. ಇನ್ನೊಂದು ಸುಮ್ಮನೆ ಒಳಕ್ಕೆ ತುರುಕಿಕೊಂಡಿತ್ತು. ಯಾರೋ ಬಿಚ್ಚಿ ಮತ್ತೆ ಕಟ್ಟಿದ್ದರು. ಬಿಚ್ಚಿದವರಿಗೆ ಮತ್ತೆ ಹಾಗೆ ಕಟ್ಟಲು ಬಂದಿರಲಿಲ್ಲ. ಅದನ್ನು ಕಂಡಾಗ ಅವಳೊಳಗೆ ಏನೋ ಕರಟ ಬಿಟ್ಟು ಉರುಳಿತು. ತುಂಬ ದಿನಗಳ ಮೇಲೆ ಅವಳಿಗೆ ಸಿಟ್ಟು ಬಂದಿತ್ತು, ಅದೂ ಒಂದು ಗಂಟಿಗಾಗಿ.

"ಅತ್ತೆ ಕಟ್ಟಿದ್ದಲ್ಲ," ಎಂದಳು. "ನಾನು ಕಟ್ಟಿದ್ದು."

"ಲೇ ಭವ್ಯ," ಎಂದರು ಬೆಟ್ಟಮ್ಮ, ಮೆಲ್ಲಗೆ.

"ಇದೊಂದೇ ಅಲ್ಲ, ಎಲ್ಲಾನೂ ನಾನೇ ಕಟ್ಟೋದು. ಅತ್ತೆ ಕೊನೇಲಿ ಒಂದು ಸಲ ಕೈ ಇಡ್ತಾರೆ. ಇದು ಹೋಗುವಾಗ ಅವರು ಊರಲ್ಲಿ ಇರಲಿಲ್ಲ, ಅದೂ ಇಲ್ಲ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನಿಮ್ಮ ಮಗ ಬರೆದಿದ್ದು ಸರಿಯಾಗಿದೆ. ಆ ಹೆಸರಿನವರು ಇದನ್ನ ಕಟ್ಟಲಿಲ್ಲ. ನಾನು ದೂರು ಒಪ್ಕೋತೀನಿ. ನಿಮ್ಮ ದುಡ್ಡು ನಿಮ್ಮ ಕಾರ್ಡಿಗೇ ವಾಪಸ್ ಬರುತ್ತೆ. ಆದ್ರೆ ಪೆಟ್ಟಿಗೆ ನಾನು ತಗೊಳ್ಳಲ್ಲ. ಒಬ್ಬರ ಮಡಿಲಿಗೆ ಅಂತ ಕಟ್ಟಿದ್ದನ್ನ ಈಸ್ಕೊಂಡು ಇನ್ನೊಬ್ಬರಿಗೆ ಕಳಿಸೋದು ನಮ್ಮಲ್ಲಿಲ್ಲ. ನಿಮಗೆ ಬೇಡ ಅಂದ್ರೆ ಯಾವುದಾದರೂ ದೇವಸ್ಥಾನಕ್ಕೆ ಕೊಡಿ."

ಪ್ರೇಮಕುಮಾರಿ ಪೆಟ್ಟಿಗೆಯನ್ನು ಜಗಲಿಯ ಮೇಲಿಟ್ಟರು. ಮತ್ತೆ ಎತ್ತಿಕೊಂಡರು. ಏನು ಮಾಡುವುದೆಂದು ಅವರಿಗೆ ನಿಜಕ್ಕೂ ತಿಳಿಯಲಿಲ್ಲ. ಬೆಟ್ಟಮ್ಮ ಮಾತ್ರ ಕೈಚಾಚಿ ಗಂಟನ್ನು ಹೊರಗೆ ತೆಗೆದು ಅಂಗೈಯಲ್ಲಿ ತೂಗಿದರು, ಹುಬ್ಬು ಗಂಟಿಕ್ಕಿದರು. "ಅಲ್ಲವ್ವ, ಕೊಬ್ರಿ ಎಲ್ಲಿ? ನಮ್ ಗಂಟು ಇಷ್ಟ್ ಅಗೂರ ಇರಾಕಿಲ್ಲ."

"ಕೊಬ್ಬರಿನಾ? ನಾವು ಬಿಚ್ಚೇ ಇಲ್ಲ," ಎಂದರು ಪ್ರೇಮಕುಮಾರಿ.

ಕಾರಿನ ಬಾಗಿಲು ತೆರೆದುಕೊಂಡಿತು. ನೀಲಾಂಬಿಕೆ ಒಂದು ಕೈ ಸೊಂಟದ ಮೇಲಿಟ್ಟುಕೊಂಡು ನಿಧಾನವಾಗಿ ಇಳಿದಳು. "ಅದು ನಾನಮ್ಮ," ಎಂದಳು. "ಬಂದ ದಿನವೇ ತಿಂದ್ಬಿಟ್ಟೆ. ಬೆಲ್ಲಾನೂ ಒಂದಚ್ಚು."

"ತಿಂದ್ಯಾ? ಸೀಮಂತಕ್ಕೆ ಇಟ್ಟಿದ್ದನ್ನ?"

"ಆಸೆ ಆಯ್ತಮ್ಮ. ನೀನೇ ತಾನೆ ಹೇಳಿದ್ದು, ಏನು ಆಸೆ ಆದ್ರೂ ತಿನ್ನಬೇಕು ಅಂತ." ಅವಳು ಭವ್ಯಶ್ರೀಯ ಕಡೆ ತಿರುಗಿದಳು, ಇಬ್ಬರಿಗೂ ಒಂದೇ ವಯಸ್ಸಿರಬಹುದು. "ತುಂಬಾ ಚೆನ್ನಾಗಿತ್ತು ಅಕ್ಕ. ಮತ್ತೆ ಹಂಗೇ ಕಟ್ಟೋಣ ಅಂತ ಎಷ್ಟು ಸಲ ನೋಡಿದೆ, ಬರಲೇ ಇಲ್ಲ."

ಬೆಟ್ಟಮ್ಮನಿಗೆ ನಗು ತಡೆಯಲಾಗಲಿಲ್ಲ. "ಓಗ್ಲಿ ಬುಡವ್ವ, ಒಟ್ಟೆಗ್ ಓಗದೆ, ಇನ್ನೆಲ್ಲಿಂದ ವಾಪಸ್ ಕೊಟ್ಟೀಯ!" ಪ್ರೇಮಕುಮಾರಿ ನಗಲಿಲ್ಲ. ಮಗಳ ಹೊಟ್ಟೆಯನ್ನೇ ದಿಟ್ಟಿಸಿ ನೋಡುತ್ತಿದ್ದರು, ಅಲ್ಲಿ ಏನಾದರೂ ವ್ಯತ್ಯಾಸವಾಗಿದೆಯೋ ಎಂಬಂತೆ. ಏನೂ ಆಗಿರಲಿಲ್ಲ. ಆಮೇಲೆ ಗಂಟನ್ನು ಪೆಟ್ಟಿಗೆಯೊಳಗಿಟ್ಟು, ಪೆಟ್ಟಿಗೆಯನ್ನು ಸೊಂಟಕ್ಕೆ ಆನಿಸಿಕೊಂಡು, ಬರ್ತೀನಮ್ಮ ಎಂದರು. ದೂರಿನ ಬಗ್ಗೆ ಏನೂ ಹೇಳಲಿಲ್ಲ. ಭವ್ಯಶ್ರೀಯೂ ಕೇಳಲಿಲ್ಲ. ಶುಕ್ರವಾರ ಆ ಗಂಟು ಮಡಿಲಿಗೆ ಹೋಗುತ್ತದೋ ದಾರಿಯಲ್ಲೇ ಯಾವುದಾದರೂ ಗುಡಿಯ ಮೆಟ್ಟಿಲ ಮೇಲೆ ಉಳಿಯುತ್ತದೋ, ಅದು ಆ ತಾಯಿಯ ಭಯಕ್ಕೆ ಬಿಟ್ಟದ್ದು. ಅವಳಿಗೆ ಅವರ ಮೇಲೆ ಸಿಟ್ಟಿರಲಿಲ್ಲ. ಸಿಟ್ಟು ಮಾತ್ರ ಇನ್ನೂ ಇತ್ತು, ಬಿಸಿಯಾಗಿ, ಚಳಿಯಲ್ಲಿ ಕೈಗೆ ಹಿಡಿದ ಲೋಟದ ಹಾಗೆ. ಅದನ್ನು ಬಿಡಲು ಮನಸ್ಸಾಗಲಿಲ್ಲ.

ಒಳಗೆ ಹೋಗಿ ದೂರನ್ನು ತೆರೆದು, ಕೊರಿಯರ್ ರಸೀದಿ ಹಾಕುವ ಜಾಗವನ್ನು ಖಾಲಿ ಬಿಟ್ಟು, ಒಪ್ಪಿಗೆ ಒತ್ತಿದಳು. ಹುಬ್ಬಳ್ಳಿಯ ಹುಡುಗಿಗೆ ಮತ್ತೆ ಫೋನು ಮಾಡಿದಾಗ ಅವಳು, "ಗೆಲ್ಲೂದು ಬಿಟ್ಟು ಯಾಕ್ರೀ ಮೇಡಂ ಸೋತ್ರಿ?" ಎಂದಳು. ಸೋತಿಲ್ಲ, ಬಿಲ್ಲಿನ ಮೇಲಿನ ಹೆಸರು ಬದಲಾಯಿಸಬೇಕು ಎಂದಳು ಭವ್ಯಶ್ರೀ. ಒಂದು ಕಪ್ಪುಚುಕ್ಕೆ ಬೀಳುತ್ತದೆ, ಸದ್ಯಕ್ಕೆ ಕಾರ್ಡು ನಡೆಯುತ್ತದೆ, ಇನ್ನೊಂದು ಬಿದ್ದರೆ ಕಷ್ಟ ಎಂದು ಹುಡುಗಿ ವಿವರಿಸಿದಳು. ಗೊತ್ತು ಎಂದಳು. ಆ ಚೌಕ ಮತ್ತೆ ತೆರೆಯಿತು, ಗೆರೆ ಮಿಟುಕಿತು. ಈ ಸಲ ಅವಳು ಕಿಟಕಿಯಿಂದ ಬಗ್ಗಲಿಲ್ಲ. ಕಾರ್ಡಿನ ಸೌಲಭ್ಯ ಬಂದ ಹೊಸತರಲ್ಲಿ ಅವಳು ತನ್ನದೇ ಬ್ಯಾಂಕ್ ಕಾರ್ಡಿನಿಂದ ಒಂದು ರೂಪಾಯಿ ಹಾಕಿ ನೋಡಿದ್ದಳು. ದಿಲೀಪ್ ಟ್ರೇಡರ್ಸ್‌ಗೆ ಸಂದಾಯವಾಗಿದೆ ಎಂದು ಬಂದಿತ್ತು. ಆಗ ಒಂದು ಗಳಿಗೆ ದಿಲೀಪ ಎಲ್ಲೋ ಇದ್ದಾನೆ, ಕೈಚಾಚಿ ತೆಗೆದುಕೊಂಡ ಅನ್ನಿಸಿ ಫೋನನ್ನು ಕವುಚಿ ಹಾಕಿ ಹಿತ್ತಲಿಗೆ ಹೋಗಿದ್ದಳು. ಅವನು ಕಾಯಿಯನ್ನು ಎರಡೂ ಕಿವಿಗೆ ಹಿಡಿದು ನೋಡುತ್ತಿದ್ದ, ಒಂದು ಕಿವಿಯನ್ನು ನಂಬುತ್ತಿರಲಿಲ್ಲ. ಬೋರ್ಡು ಅಲ್ಲೇ ಇರಲಿ. ಅದು ಅವನು ಬರೆಸಿದ್ದು, ಗಾಳಿ ಮಳೆಗೆ ಎಷ್ಟು ದಿನ ಇರುತ್ತದೋ ಇರಲಿ. ಬಿಲ್ಲು ಬೇರೆ. ಸಂಜೆ ಹೆಸರು ಬದಲಾಗಿದೆ ಎಂದು ಬಂದ ಮೇಲೆ ಮತ್ತೆ ಒಂದು ರೂಪಾಯಿ ಹಾಕಿದಳು. ಕಾರ್ಡಿನ ಅಂಕಿಗಳು, ಹಿಂದಿನ ಮೂರು ಅಂಕಿಗಳು, ಫೋನಿಗೆ ಬಂದ ಗುಟ್ಟಿನ ಸಂಖ್ಯೆ. ಗುಂಯ್ ಎಂದಿತು. ಭವ್ಯಶ್ರೀ ನುಗ್ಗೇಹಳ್ಳಿಗೆ ಸಂದಾಯವಾಗಿದೆ. ಕೊಟ್ಟವಳೂ ಅವಳೇ, ತೆಗೆದುಕೊಂಡವಳೂ ಅವಳೇ. ಮಸ್ಕತ್ತಿನಲ್ಲಿ, ಪುಣೆಯಲ್ಲಿ, ಎಂದೂ ನೋಡದ ಮನೆಗಳಲ್ಲಿ ಯಾರೋ ಗಂಡಸರು ತಿಂಗಳ ಬಿಲ್ಲು ಬಿಡಿಸಿ ಈ ಹೆಸರನ್ನು ಓದುತ್ತಾರೆ, ಯಾರಿದು ಎಂದು ಹೆಂಡತಿಯನ್ನು ಕೇಳುತ್ತಾರೆ. ಮಡಿಲಕ್ಕಿ ಕಟ್ಟುವವರು ಎಂದು ಅವಳು ಹೇಳುತ್ತಾಳೆ. ಕೇಳಲಿ.

ಬೆಟ್ಟಮ್ಮ ಕಾಫಿಯ ಲೋಟ ತಂದು ಕಿಟಕಿಯ ಕಟ್ಟೆಯ ಮೇಲಿಟ್ಟರು. "ನಾನ್ ಏಳಿದ್ದು ನಿನ್ ಒಳ್ಳೇದ್ಕೆ," ಎಂದರು.

"ಗೊತ್ತು ಅತ್ತೆ."

"ಏನ್ ಎಸ್ರು ಆಕ್ದೆ?"

"ನನ್ನ ಹೆಸರು. ಊರಿನ ಹೆಸರು."

ಹೊರಗೆ ಕೊರಿಯರಿನವನ ಗಾಡಿಯ ಸದ್ದಾಯಿತು. ಅವತ್ತಿನ ಗಂಟುಗಳು ಚಾಪೆಯ ಮೇಲೆ ಸಾಲಾಗಿ ಕೂತಿದ್ದವು. ಅತ್ತೆ ಎಂದಿನಂತೆ ಸೆರಗಿಗೆ ಕೈ ಒರೆಸಿಕೊಂಡರು, ಚಾಪೆಯ ಹತ್ತಿರ ಬಂದರು, ಬಗ್ಗಿದರು. ಮೊದಲ ಗಂಟಿನ ಹತ್ತಿರ ಹೋದ ಕೈ ಅಲ್ಲೇ ನಿಂತಿತು. ಭವ್ಯಶ್ರೀ ಈ ಸಲ ತಲೆ ಎತ್ತಿ ನೋಡಿದಳು.

"ಎಸ್ರು ನಿಂದೇ ಆಕ್ಕಂಡಿದೀಯಲ್ಲ," ಎಂದರು ಬೆಟ್ಟಮ್ಮ. ದನಿಯಲ್ಲಿ ಮುನಿಸಿತ್ತೋ ಇನ್ನೇನಿತ್ತೋ. "ಇನ್ನ ನನ್ ಕೈ ಯಾತಕ್ಕೆ? ಎತ್ಕೊಡು, ಅವ್ನು ಕಾಯ್ತಾವ್ನೆ." ಎಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಭವ್ಯಶ್ರೀ ಕೂತಲ್ಲಿಂದಲೇ ಮೊದಲ ಗಂಟಿನ ಎರಡು ತುದಿಗಳನ್ನು ಬೆರಳಿನಿಂದ ಬಿಡಿಸಿ ನೇರ ಮಾಡಿದಳು. ಆಮೇಲೆ ತನ್ನ ಬರಿಗೈಯನ್ನು ಅದರ ಮೇಲಿಟ್ಟಳು. ಅತ್ತೆಯ ಹಾಗೆ ಒಂದು ಕ್ಷಣಕ್ಕೇ ತೆಗೆಯಲಿಲ್ಲ.